ಸೇರು ಒದ್ದ ಕಾಲು

“ಬಲಗಾಲು ಮಾತ್ರ ಮುಟ್ಬೇಡಿ ಸಾ. ಅದ್ರಲ್ಲೇ ಸೇರು ಒದ್ದು ಇವ್ರ ಮನೆಗೆ ಬಂದಿರೋದು.”

ನೀಲಾಂಬಿಕೆ ಹೀಗೆಂದಾಗ ಡಾಕ್ಟರು ನಕ್ಕರು. ಕ್ಯಾನ್ಸರ್ ಹಿಡಿದ ಅವಳ ಕೆಳದವಡೆಯನ್ನು ತೆಗೆದು, ಮೊಣಕಾಲ ಕೆಳಗಿನ ಸಣ್ಣ ಮೂಳೆಯನ್ನು ಚರ್ಮ, ರಕ್ತನಾಳಗಳ ಸಮೇತ ತಂದು ಅಲ್ಲಿ ಕೂಡಿಸುವುದೆಂದು ತೀರ್ಮಾನವಾಗಿತ್ತು. ಎಡಗಾಲಿನದೇ ಆಗಲಿ ಎಂದರು.

ಅವಳು ಓರೆಗಣ್ಣಿನಿಂದ ನನ್ನನ್ನು ನೋಡಿದಳು. ಮದುವೆಯಾಗಿ ಬಂದ ದಿನ ಅರಕಲಗೂಡಿನ ನಮ್ಮ ಹೊಸಿಲಲ್ಲೂ ಹೀಗೆಯೇ ನೋಡಿದ್ದಳು. ಅಕ್ಕಿ ತುಂಬಿದ ಸೇರನ್ನು ಮೆಲ್ಲಗೆ ಒದೆ ಎಂದರೆ ಜೋರಾಗಿಯೇ ಒದ್ದಿದ್ದಳು. ಅಕ್ಕಿ ಚಿಮ್ಮಿ ನನ್ನ ಪಂಚೆಯ ನೆರಿಗೆಯಲ್ಲಿ ಸೇರಿಕೊಂಡಿತ್ತು.

“ಅವತ್ತು ಆ ಒದೆ ನಿಮಗೇ ಬೀಳ್ಬೇಕಿತ್ತು, ತಪ್ಪೋಯ್ತು.”

“ಹುಷಾರಾಗು. ಇನ್ನೊಂದ್ಸಲ ಒದೀವಂತೆ.”

ಆಪರೇಷನ್ ಆಯಿತು. ಕೂಡಿಸಿದ ಮಾಂಸದ ಬಣ್ಣವನ್ನು ನರ್ಸುಗಳು ಮತ್ತೆ ಮತ್ತೆ ಬಂದು ನೋಡುತ್ತಿದ್ದರು. ನಾನು ಹೊರಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದೆ. ಒಂದು ಬೆಳಿಗ್ಗೆ ಆ ಮಾಂಸ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ಆಪರೇಷನ್ನಿಗೆ ಒಯ್ದರು, ಕೂಡಿಸಿದ್ದು ಉಳಿಯಲಿಲ್ಲ. ಅವಳದೇ ಮೂಳೆ, ಅವಳಲ್ಲಿ ನಿಲ್ಲಲಿಲ್ಲ.

ಗಾಯ ಒಣಗಿದ ಮೇಲೆ ಡಾಕ್ಟರು ಬಲಗಾಲಿನ ಮಾತೆತ್ತಿದರು. ನೀಲಾ ತಲೆಯಲ್ಲಾಡಿಸಿದಳು. ಅವಳ ಮಾತು ಈಗ ಬೇರೆಯವರಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು.

“ಮನೆಗೆ ಹೆಂಗ್ ಬರ್ಲಿ ಆಮೇಲೆ?”

“ಎತ್ಕೊಂಡ್ ಹೋಗ್ತೀನಿ.”

“ನಿಮ್ಮ ಸೊಂಟ ನೋಡ್ಕಳಿ ಮೊದ್ಲು.”

ನಾನು ನಗಲಿಲ್ಲ. ಅವಳ ಕೈ ಹಿಡಿದುಕೊಂಡೆ. “ನೀನು ಬಾಯಲ್ಲಿ ಒಂದ್ ತುತ್ತು ಅನ್ನ ತಿನ್ನೋದು ನೋಡ್ಬೇಕು ಕಣೆ. ಮೂಗಿನ ನಳಿಕೇಲಿ ಗಂಜಿ ಬಿಡೋಕೆ ನನ್ ಕೈಲಾಗಲ್ಲ. ನೀನಿಲ್ದೆ ಇರೋಕೂ ಆಗಲ್ಲ.”

ಇಷ್ಟು ವರ್ಷಗಳಲ್ಲಿ ಇಂಥ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವಳು ಸೆರಗಿನಿಂದ ಮುಖದ ಅರ್ಧವನ್ನು ಮುಚ್ಚಿಕೊಂಡಳು. ಕಣ್ಣುಗಳು ಮಾತ್ರ ಕಾಣುತ್ತಿದ್ದವು, ಹೊಸಿಲಿನ ಮೇಲಿದ್ದ ಅವೇ ಕಣ್ಣುಗಳು.

“ತಗೊಳ್ಳಲಿ ಬಿಡಿ,” ಎಂದಳು.

ಆಪರೇಷನ್ನಿಗೆ ಮೊದಲು ಸ್ಕ್ಯಾನ್ ಮಾಡಿದರು. ಡಾಕ್ಟರು ನನ್ನೊಬ್ಬನನ್ನೇ ಕರೆದರು. “ಗೌರೀಶಂಕರಪ್ಪನವರೇ, ಶ್ವಾಸಕೋಶಕ್ಕೆ ಹರಡಿದೆ. ಇನ್ನು ಮೂಳೆ ಕೂಡಿಸಿ ನೋವು ಕೊಡೋದು ಬೇಡ. ಮನೇಲಿ ನೆಮ್ಮದಿಯಾಗಿ ಇರಲಿ.”

ಒಳಗೆ ಹೋದರೆ ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಒಳ್ಳೇದಾಯ್ತು. ಬಲಗಾಲು ಉಳೀತು.”

ಹಾಸನದ ಆಸ್ಪತ್ರೆಯಿಂದ ಕಾರಿನಲ್ಲಿ ಹೊರಟೆವು. ಗೊರೂರು ದಾಟುವವರೆಗೂ ಅವಳು ನನ್ನ ಭುಜಕ್ಕೊರಗಿ ಗದ್ದೆಗಳನ್ನು ನೋಡುತ್ತಿದ್ದಳು.

ಮನೆ ತಲುಪಿ, ಅವಳನ್ನು ಜಗಲಿಯಲ್ಲಿ ಕೂರಿಸಿ, ಒಳಗಿನಿಂದ ಸೇರು ತಂದು ಅಕ್ಕಿ ತುಂಬಿ ಹೊಸಿಲ ಮೇಲಿಟ್ಟೆ.

“ಹುಚ್ಚು ನಿಮಗೆ,” ಎಂದಳು. ಆದರೂ ಎದ್ದಳು.

ಮೂಳೆ ಕಳೆದುಕೊಂಡ ಎಡಗಾಲು ಅವಳ ಭಾರ ತಾಳಲಿಲ್ಲ. ಪೂರ್ತಿ ನನ್ನ ಮೇಲೆ ಒರಗಿ ಬಲಗಾಲೆತ್ತಿದಳು. ಬೆರಳು ತಗುಲಿತು, ಸೇರು ಅಲುಗಲಿಲ್ಲ. ಇನ್ನೊಮ್ಮೆ ಒದ್ದಳು. ಉರುಳಿತು. ಅಕ್ಕಿ ಚೆಲ್ಲಿದ್ದು ಹಿಡಿಯಷ್ಟೇ.

ಆ ಅಕ್ಕಿಯನ್ನೇ ಬಾಚಿ ಅನ್ನ ಮಾಡಿದೆ. ಅವಳು ತಟ್ಟೆಯನ್ನು ಎಳೆದುಕೊಂಡು, ತುಪ್ಪ ಹಾಕಿ ಕಲಸಿ, ತುತ್ತನ್ನು ನನ್ನ ಬಾಯಿಗಿಟ್ಟಳು.

“ನಿಧಾನಕ್ಕೆ ಅಗೀರಿ. ನೋಡ್ತೀನಿ.”

ಅಗಿದೆ. ಅವಳು ನನ್ನ ದವಡೆಯನ್ನೇ ನೋಡುತ್ತಿದ್ದಳು. ಅನ್ನ ಕರಗಿಹೋದರೂ ನುಂಗಲು ಮನಸ್ಸಾಗದೆ ಅಗಿಯುತ್ತಲೇ ಇದ್ದೆ.

“ನುಂಗ್ರಿ,” ಎಂದಳು, ಬೆರಳಲ್ಲಿ ನನ್ನ ಕೆನ್ನೆ ಒರೆಸುತ್ತ. “ಇನ್ನೊಂದ್ ತುತ್ತು ಐತೆ.”