ಒಬ್ಬರಿಗೆ ಮೂರು ತಟ್ಟೆ

ಪ್ರವಾಸಿ ಹಡಗಿನ ಸರಕು ಲಿಫ್ಟಿನಲ್ಲಿ ಅವರಿಬ್ಬರಿಗೆ ಸಿಗುತ್ತಿದ್ದದ್ದು ಮೂರೇ ಮಹಡಿ. ಬೆಳಿಗ್ಗೆ ಹನ್ನೊಂದೂವರೆಗೆ ಅವಳು ತಳದ ಲಾಂಡ್ರಿಯಿಂದ ಇಸ್ತ್ರಿಯ ಬಿಸಿ ಆರದ ಮೇಜುಬಟ್ಟೆಗಳನ್ನು ಎದೆಗವಚಿಕೊಂಡು ಲಿಫ್ಟು ಹತ್ತುವಳು. ಅವನು ಉಗ್ರಾಣದಿಂದ ಹಣ್ಣಿನ ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಬರುವನು. ಮೂರನೆಯ ಮಹಡಿಯಲ್ಲಿ ಅವಳು ಇಳಿಯಬೇಕು, ಒಂಬತ್ತರಲ್ಲಿ ಅವನು.

ಮೊದಲ ದಿನವೇ ಅವನು ಕಾಲು ಕೆರೆದು ಜಗಳಕ್ಕೆ ಬಂದಿದ್ದ.

"ನಿಮ್ಮೋರು ಸೂಪ್ ಮುಗಿಸೋ ಹೊತ್ತಿಗೆ ನಮ್ಮೋರು ಊಟ ಮುಗಿಸಿ ಒಂದು ನಿದ್ದೆ ತೆಗ್ದಿರ್ತಾರೆ, ಮೇಡಂ."

"ತಟ್ಟೆ ಹಿಡ್ಕೊಂಡು ಕ್ಯೂ ನಿಲ್ಲೋದಕ್ಕೆ ನಮ್ಮಲ್ಲಿ ಊಟ ಅನ್ನಲ್ಲ," ಎಂದಳು ಅವಳು, ಬಾಗಿಲಿನತ್ತಲೇ ನೋಡುತ್ತ.

ಆದರೆ ಆ ಉಕ್ಕಿನ ಬಾಗಿಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳು ತುಟಿ ಕಚ್ಚಿ ನಗು ತಡೆದದ್ದನ್ನು ಅವನು ಅದರಲ್ಲಿ ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಅಷ್ಟರಲ್ಲಿ ಮೂರನೆಯ ಮಹಡಿ ಬಂದುಬಿಟ್ಟಿತು.

ಅವಳು ಡೈನಿಂಗ್ ರೂಮಿನ ಮಧ್ಯಾಹ್ನದ ಊಟದ ಮುಖ್ಯಸ್ಥೆ. ಅಲ್ಲಿ ಜನ ಕೂರುತ್ತಾರೆ, ಬಡಿಸುವವರು ಬಡಿಸುತ್ತಾರೆ. ಒಂಟಿಯಾಗಿ ಬಂದವರನ್ನು ಯಾರ ಪಕ್ಕ ಕೂರಿಸಬೇಕೆಂದು ಅವಳು ಮುಖ ನೋಡಿಯೇ ಹೇಳುತ್ತಿದ್ದಳು: ಮಾತಿನಮಲ್ಲನ ಪಕ್ಕ ಕಿವಿ ಮಂದದ ಅಜ್ಜಿ, ಮುನಿಸಿಕೊಂಡ ಗಂಡಹೆಂಡಿರ ಎದುರಿಗೆ ಹೊಸದಾಗಿ ಮದುವೆಯಾದ ಜೋಡಿ. ಅಡುಗೆಮನೆಯವರು ಅವಳಿಗೆ ಟೇಬಲಮ್ಮ ಎಂದು ಹೆಸರಿಟ್ಟಿದ್ದರು. ಒಂದೇ ತೋಳಿನ ಮೇಲೆ ನಾಲ್ಕು ತಟ್ಟೆ ಹೊರುತ್ತ ಶುರುಮಾಡಿದವಳಿಗೆ ಈ ಜಾಗಕ್ಕೆ ಬರಲು ಒಂಬತ್ತು ವರ್ಷ ಹಿಡಿದಿತ್ತು. ಅವನು ಒಂಬತ್ತನೆಯ ಮಹಡಿಯ ಬಫೆಯ ಮೂಲೆಯಲ್ಲಿ ಆಮ್ಲೆಟ್ ಹಾಕುತ್ತ ಮೇಲೆ ಬಂದವನು. ಈಗ ಅಲ್ಲಿನ ಮ್ಯಾನೇಜರಾದರೂ ಎಲ್ಲರ ಬಾಯಲ್ಲಿ ಇನ್ನೂ ಮೊಟ್ಟೆ ಮಾಸ್ಟರೇ.

ದಿನಾ ಮೂರು ಮಹಡಿಯಷ್ಟು ಜಗಳವಾಡುತ್ತ ಆಡುತ್ತ ಮೇಡಂ ಹೋಗಿ ನೀನು ಬಂತು. ಸಾವಿರಾರು ಜನರಿಗೆ ಉಣಿಸುವ ಇಬ್ಬರೂ ತಾವು ಉಣ್ಣುತ್ತಿದ್ದದ್ದು ಮಾತ್ರ ಅಡುಗೆಮನೆಯ ಗೋಡೆಗೊರಗಿ, ಐದೇ ನಿಮಿಷದಲ್ಲಿ. ಕೂತು ತಿಂದೆಯೋ, ಇವತ್ತೂ ನಿಂತೇ ತಿಂದೆಯೋ ಎಂದು ಅವಳ ಅಮ್ಮ ಫೋನಿನಲ್ಲಿ ಪ್ರತಿ ಸಲ ಕೇಳುವಳು. ಇವಳು ಪ್ರತಿ ಸಲ ಸುಳ್ಳು ಹೇಳುವಳು. ಇದನ್ನು ಕೇಳಿದ ದಿನ ಅವನು ತಮಾಷೆ ಮಾಡಲಿಲ್ಲ. ಗಾಡಿಯಿಂದ ಒಂದು ಕಿತ್ತಳೆ ತೆಗೆದು ಅವಳ ಬಟ್ಟೆಯ ಕಟ್ಟಿನ ಮೇಲಿಟ್ಟ.

"ನಿಮ್ಮ ಡೈನಿಂಗ್ ರೂಮಲ್ಲಿ ಯಾವ ಟೇಬಲ್ ಚೆಂದ?"

"ಹದಿನಾಲ್ಕು. ಗುಂಡು ಕಿಟಕಿ ಪಕ್ಕದ್ದು. ಇಬ್ಬರಿಗೆ ಅಷ್ಟೇ ಜಾಗ."

"ಒಂದಿನ ಅಲ್ಲಿ ಎದುರುಬದುರು ಕೂತು ಉಣ್ಣೋಣ. ಪೂರ್ತಿ ಒಂದು ಗಂಟೆ. ಬೇರೆ ಯಾರಾದ್ರೂ ಬಡಿಸ್ಲಿ."

ಆ ದಿನ ಟೇಬಲಮ್ಮ ದೊಡ್ಡ ಟೇಬಲುಗಳಿಗೆ ಸಣ್ಣ ಬಟ್ಟೆ ಹಾಸಿ ಎಲ್ಲರ ನಗೆಗೆ ಗುರಿಯಾದಳು.

ಅವನು ತನ್ನ ಬಫೆಯ ಗುಟ್ಟನ್ನೂ ಒಮ್ಮೆ ಹೇಳಿದ್ದ. ಅಲ್ಲಿ ಜನ ಬರುತ್ತ ಹೋಗುತ್ತ ಇರುವುದರಿಂದ ತಲೆ ಎಣಿಸಲು ಆಗುವುದಿಲ್ಲ. ತೊಳೆಯುವ ಮೆಷಿನ್ನಿನಿಂದ ಹೊರಬಂದ ತಟ್ಟೆಗಳನ್ನು ಎಣಿಸುತ್ತಾರೆ. ಒಬ್ಬೊಬ್ಬರೂ ಹೊಸ ತಟ್ಟೆ ಹಿಡಿದು ಮೂರು ಸಲ ಬಂದೇ ಬರುತ್ತಾರೆ. ಹಾಗಾಗಿ ಮೂರರಿಂದ ಭಾಗಿಸಿ ಆಫೀಸಿಗೆ ಕಳಿಸಬೇಕು. ಭಾಗಿಸದಿದ್ದರೆ ಇಡೀ ಊರೇ ತಮ್ಮಲ್ಲಿ ಉಂಡುಹೋಯಿತು ಎಂದಾಗುತ್ತದೆ ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು.

ಆಮೇಲೆ ಆಫೀಸಿನ ಪತ್ರ ಬಂತು. ಮೂರು ತಿಂಗಳ ಲೆಕ್ಕ ನೋಡಿದರೆ ಮಧ್ಯಾಹ್ನ ಕೂತು ಉಣ್ಣುವವರು ಬೆರಳೆಣಿಕೆಯ ಜನ, ಮುಂದಿನ ಪ್ರಯಾಣದಿಂದ ಮಧ್ಯಾಹ್ನಕ್ಕೆ ಬಫೆ ಮಾತ್ರ, ಡೈನಿಂಗ್ ರೂಮಿನಲ್ಲಿ ಆ ಹೊತ್ತು ವಾಚು, ಬಟ್ಟೆಗಳ ಸೇಲ್ ಇಡಲಾಗುವುದು. ಸಂಜೆಯ ಊಟಕ್ಕೆ ಬೇರೆ ಮುಖ್ಯಸ್ಥರಿದ್ದರು. ಅವಳಿಗೆ ಬಫೆಯಲ್ಲಿ ಕೆಲಸ ತೋರಿಸಿದ್ದರು: ಬಾಗಿಲಲ್ಲಿ ಬಾಟಲಿ ಹಿಡಿದು ನಿಂತು, ಬಂದವರ ಕೈಗೆ ಸ್ಯಾನಿಟೈಸರ್ ಹಾಕುವುದು.

ಅವಳಿಗೆ ನಂಬಿಕೆಯಾಗಲಿಲ್ಲ. ಅವಳ ಟೇಬಲುಗಳು ಯಾವತ್ತೂ ಅಷ್ಟು ಖಾಲಿಯಿರಲಿಲ್ಲ. ಪತ್ರದ ಜೊತೆಗಿದ್ದ ದಿನವಾರು ಪಟ್ಟಿ ತೆರೆದಳು. ಹಡಗು ಬಂದರಿನಲ್ಲಿ ನಿಂತಿದ್ದ ಒಂದು ದಿನ ಕಣ್ಣಿಗೆ ಬಿತ್ತು. ಅವತ್ತು ಎಲ್ಲರೂ ಊರು ಸುತ್ತಲು ಇಳಿದು, ಹಡಗಿನಲ್ಲಿ ಉಳಿದದ್ದೇ ನಾನೂರು ಚಿಲ್ಲರೆ ಜನ. ಅವರಲ್ಲಿ ನೂರಮೂವತ್ತು ಜನ ಅವಳ ಬಳಿ ಉಂಡಿದ್ದರು. ಬಫೆಯ ಲೆಕ್ಕದಲ್ಲಿ ಎಂಟುನೂರ ಹತ್ತು ಎಂದಿತ್ತು.

ಎಂಟುನೂರ ಹತ್ತನ್ನು ಮೂರರಿಂದ ಭಾಗಿಸಿದಳು. ಇನ್ನೂರ ಎಪ್ಪತ್ತು ಬಂತು, ಸರಿಹೋಯಿತು. ಇನ್ನೊಂದು ದಿನ ನೋಡಿದಳು, ಮತ್ತೊಂದು ದಿನ ನೋಡಿದಳು. ಒಂದು ದಿನವಾದರೆ ಮರೆವು ಎನ್ನಬಹುದಿತ್ತು, ಮೂರು ತಿಂಗಳಿಗೆ ಆ ಹೆಸರು ಇಡಲಾಗಲಿಲ್ಲ.

ಆಫೀಸಿಗೆ ಒಂದು ಕಾಗದ ಬರೆದರೆ ಅವಳ ಡೈನಿಂಗ್ ರೂಮು ಉಳಿಯುತ್ತಿತ್ತು. ಅವನು ಮುಂದಿನ ಬಂದರಿನಲ್ಲೇ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಅವಳು ಬರೆದಳು, ಹರಿದಳು, ಮತ್ತೆ ಬರೆದು ಮತ್ತೆ ಹರಿದಳು. ಅವನ ಮೇಲಿನ ಪ್ರೀತಿ ಇನ್ನೂ ಹೋಗಿರಲಿಲ್ಲ. ಇಷ್ಟಾದರೂ ಹೋಗಲಿಲ್ಲವಲ್ಲ ಎಂದು ತನ್ನ ಮೇಲೆಯೇ ಅಸಹ್ಯಪಟ್ಟಳು. ಕೊನೆಗೆ ಬೇರೊಂದು ಸಣ್ಣ ಹಡಗಿಗೆ, ಬಡಿಸುವ ಕೆಲಸಕ್ಕೆ, ಸಹಿ ಹಾಕಿದಳು.

ಕೊನೆಯ ದಿನದ ಊಟ ಮುಗಿದು ಜನ ಎದ್ದುಹೋದ ಮೇಲೆ ಅವನನ್ನು ಹದಿನಾಲ್ಕನೆಯ ಟೇಬಲಿಗೆ ಕರೆಸಿದಳು. ಅವನು ಇಸ್ತ್ರಿ ಶರ್ಟು ಹಾಕಿ, ಒದ್ದೆ ತಲೆ ಬಾಚಿಕೊಂಡು, ಮುಖ ಅರಳಿಸಿಕೊಂಡು ಬಂದ. ಟೇಬಲಿನ ಮೇಲೆ ಒಬ್ಬರಿಗಷ್ಟೇ ಚಮಚ, ಚಾಕು ಇಟ್ಟಿತ್ತು. ನಿನ್ನದೆಲ್ಲಿ ಎಂದು ಕೇಳಿದ. ಅವಳು ಮೊದಲು ಕೂರಲು ಹೇಳಿದಳು.

ಸೂಪ್ ತಂದಳು. ಅವನು ಕುಡಿದು, ಬಡಿಸುವವರು ಬಲು ಬಿಗಿ ಎಂದು ರೇಗಿಸಿದ. ಮೀನು ತಂದಳು, ಆದರೆ ಸೂಪಿನ ತಟ್ಟೆ ತೆಗೆಯಲಿಲ್ಲ. ಖಾಲಿ ತಟ್ಟೆಯನ್ನು ಅವಳು ಟೇಬಲಿನ ಮೇಲೆ ಬಿಟ್ಟದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ಕೇಕು ಬಂದಾಗ ಮೀನಿನ ತಟ್ಟೆಯೂ ಅಲ್ಲೇ ಉಳಿಯಿತು. ಅವನು ಅರ್ಧ ಕೇಕು ತಿನ್ನುವಷ್ಟರಲ್ಲಿ ಅವಳು ಕೇಳಿದಳು.

"ಈ ಟೇಬಲಲ್ಲಿ ಊಟ ಮಾಡಿದೋರು ಎಷ್ಟು ಜನ, ಮಾಸ್ಟರೇ?"

ಅವನು ಮೂರು ತಟ್ಟೆಗಳನ್ನೂ ನೋಡಿದ. ಚಮಚ ಕೆಳಗಿಟ್ಟ.

"ನೀನು ಮೇಲೆ ಬರ್ಲಿ ಅಂತ ಮಾಡ್ದೆ. ಮೂರು ಮಹಡಿ ನಂಗೆ ಸಾಲ್ತಿರ್ಲಿಲ್ಲ. ದಿನವಿಡೀ ಕಣ್ಣೆದುರಿಗೆ ಇರ್ತೀಯ ಅಂದ್ಕೊಂಡೆ."

ವರ್ಷದಿಂದ ಅವಳು ಕಾದಿದ್ದದ್ದು ಇಂಥದೇ ಮಾತಿಗೆ. ಈಗ ಬಂತು, ಅದೂ ನಿಜವಾಗಿಯೇ ಬಂತು.

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬರ್ತಿದ್ಯಾ?"

"ಇಲ್ಲ. ಅದು ನಿಮಗೆ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಅವಳು ಮತ್ತೆ ಬಹುವಚನಕ್ಕೆ ಹೋದದ್ದು ಇಬ್ಬರಿಗೂ ತಟ್ಟಿತು. ಈಗಲೇ ಆಫೀಸಿಗೆ ಹೋಗಿ ನಿಜ ಹೇಳುತ್ತೇನೆ ಎಂದು ಅವನು ಕುರ್ಚಿ ಹಿಂದೆ ಸರಿಸಿದ. ನಾಳೆ ತಾನು ಇಳಿಯುವುದಾಗಿ ಅವಳು ಹೇಳಿದಳು, ಎಲ್ಲಿಗೆ ಎಂಬುದನ್ನೂ, ಯಾವ ಕೆಲಸಕ್ಕೆ ಎಂಬುದನ್ನೂ ಹೇಳಿದಳು. ಅವನ ಕೈ ಕುರ್ಚಿಯ ಮೇಲೆಯೇ ನಿಂತಿತು.

"ಒಂದು ನಿಮಿಷ ಕೂತ್ಕೊ. ಇಷ್ಟು ದಿನ ಅಂದ್ಕೊಂಡಿದ್ವಿ."

ಅವಳು ಕೂತಳು. ಗುಂಡು ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಇಬ್ಬರ ಕೈಗಳ ಮೇಲೂ ಬಿದ್ದಿತ್ತು. ಅವಳ ಮುಂದೆ ಬರೀ ಬಿಳಿ ಬಟ್ಟೆಯಿತ್ತು. ಅವನು ತನ್ನ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಕೇಕನ್ನು ಅವಳತ್ತ ಸರಿಸಿದ. ಅವಳು ಮುಟ್ಟಲಿಲ್ಲ. ಅವನು ಅಳುತ್ತಿದ್ದ, ಅವಳು ಬೇಡವೆನ್ನಲಿಲ್ಲ.

ನಿಮಿಷ ಮುಗಿದ ಮೇಲೆ ಎದ್ದು ಮೂರೂ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಜೋಡಿಸಿಕೊಂಡಳು. ತೋಳು ಏನನ್ನೂ ಮರೆತಿರಲಿಲ್ಲ. ಬಾಗಿಲ ಬಳಿಯ ಸ್ಟ್ಯಾಂಡಿನ ಮೇಲೆ ಉಂಡವರ ಲೆಕ್ಕದ ಪುಸ್ತಕ ತೆರೆದಿತ್ತು. ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಕೊನೆಯ ಸಾಲು ಬರೆದಳು.

ಟೇಬಲ್ ಹದಿನಾಲ್ಕು. ಊಟ ಮಾಡಿದವರು: ಒಬ್ಬರು.