ಸಿದ್ದವ್ವನ ಚುಕ್ಕಿಹಿಂಡು ಕೆಂಪಾದದ್ದು

ಬಹು ಹಿಂದೆ, ಆಕಾಶಕ್ಕೆ ಹತ್ತಿ ಹೋಗಬಹುದಾಗಿದ್ದ ಕಾಲದಲ್ಲಿ, ಬಾಂದಳಪುರವೆಂಬ ರಾಜ್ಯವಿತ್ತು. ಅಲ್ಲಿ ಹುಟ್ಟಿದ ಪ್ರತಿ ಕೂಸಿಗೂ ದೂರದ ಒಂದು ಚುಕ್ಕಿಹಿಂಡನ್ನು ಕಾವಲಾಗಿ ಹೆಸರಿಸುತ್ತಿದ್ದರು. ಅರಮನೆಯ ಕರಿಕೊಳದಲ್ಲಿ ಹಾಡುಹಗಲಲ್ಲೇ ಆ ಹಿಂಡುಗಳ ಬೆಳಕು ಕಾಣುತ್ತಿತ್ತು.

ಒಮ್ಮೆ ಆ ಕೊಳದ ದಡಕ್ಕೆ ಮಸಿನಾಲಗನೆಂಬ ಮಾಂತ್ರಿಕ ಬಂದು ಕೂತ. "ಕೆಂಪಾದ ಹಿಂಡು ಸತ್ತ ಹಿಂಡು. ಅದರ ಮನುಷ್ಯನಿಗೂ ಬದುಕುವ ಹಕ್ಕಿಲ್ಲ" ಎಂದ. ರಾಜ ವೀರಮಾರನದು ಹಿತ್ತಾಳೆ ಕಿವಿ. ಅವನು "ಹೌದು, ಸತ್ತಿದೆ" ಎಂದರೆ ಸಾಕು, ಮಂತ್ರ ಫಲಿಸಿ ಆ ಮನುಷ್ಯ ಕಲ್ಲಾಗುತ್ತಿದ್ದ. ಉಳಿದ ಆಯುಸ್ಸು ಮಾಂತ್ರಿಕನ ಸೋರೆಬುರುಡೆ ಸೇರುತ್ತಿತ್ತು.

ಅರಮನೆಯ ಸೀರೆಗಳಿಗೆ ನಿರಿಗೆ ಹಿಡಿಯುವವಳು ಮಡಿವಾಳರ ಮಾಚವ್ವ. ಅವಳ ಅತ್ತೆ ಸಿದ್ದವ್ವನ ಹಿಂಡು ಎಲ್ಲಕ್ಕಿಂತ ದೂರದ್ದು, ಎಲ್ಲಕ್ಕಿಂತ ಕೆಂಪು. ಒಂದು ಬೆಳಗ್ಗೆ ಸಿದ್ದವ್ವ, "ನೀನು ಹಿಡಿದ ನಿರಿಗೆ ನೋಡು, ಒಂದೂ..." ಎನ್ನುತ್ತಿದ್ದಂತೆ ಕಲ್ಲಾದಳು. ಹದಿನೆಂಟು ವರ್ಷ ದಿನಾ ಜಗಳವಾಡಿದ ಮಾಚವ್ವನಿಗೆ ಆ ಮೌನ ತಡೆಯಲಾಗಲಿಲ್ಲ.

"ಹಿಂಡು ಸತ್ತಿದ್ದನ್ನ ಕಂಡೋರು ಯಾರು ಬುದ್ಧಿ? ನಾನೇ ಹೋಗಿ ನೋಡ್ಕೊಂಡು ಬತ್ತೀನಿ" ಎಂದು ರಾಜನಿಗೆ ಹೇಳಿದಳು.

"ಸತ್ತಿದ್ದರೆ ನೀನೂ ಕಲ್ಲಾಗುತ್ತೀ" ಎಂದ ಮಾಂತ್ರಿಕ.

"ಆಗ್ಲಿ" ಎಂದಳು ಮಾಚವ್ವ.

ಕೊಳದ ಕೆಂಪು ಬೆಳಕಿನ ಸೆರಗು ಹಿಡಿದು ಹತ್ತಿದಳು. ಬೆಳಕಿಗೂ ನಿರಿಗೆಗಳಿದ್ದವು, ಅಗಲಗಲ. ನಡುವೆ ಕಪ್ಪು ಎಳೆಗಳು: ಎರಡು ಸಣ್ಣ, ಒಂದು ದಪ್ಪ, ಮತ್ತೆರಡು ಸಣ್ಣ.

ಮೊದಲ ಬಾಗಿಲಲ್ಲಿ ಬೆಂಕಿಗಣ್ಣಿನ ಹುಲಿ. "ಈ ಬೆಳಕು ಸತ್ತಿದೆಯೋ, ಬದುಕಿದೆಯೋ? ತಪ್ಪು ಹೇಳಿದರೆ ನುಂಗುತ್ತೇನೆ."

"ಗೊತ್ತಿಲ್ಲ ಕಣಪ್ಪ. ನೋಡಕ್ಕೇ ಹೊಂಟಿವ್ನಿ."

ಗೊತ್ತಿಲ್ಲ ಎಂದವರನ್ನು ಹುಲಿ ಅದುವರೆಗೆ ಕಂಡಿರಲಿಲ್ಲ. ಪಕ್ಕಕ್ಕೆ ಸರಿಯಿತು. ಅದರಾಚೆ ಬೆಳಕು ಹಳದಿಯಾಗಿತ್ತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು. ಅದೂ ಅದನ್ನೇ ಕೇಳಿತು. ಮಾಚವ್ವ ಎಳೆಗಳನ್ನು ಎಣಿಸಿದಳು. "ಎಳೆ ಅವೇ, ಸಾಲೂ ಅದೇ. ನಿರಿಗೆ ಬಿಗಿಯಾಗೈತೆ ಅಷ್ಟೆ. ಮಿಕ್ಕಿದ್ದು ಇನ್ನೂ ನೋಡಿಲ್ಲ." ಹಾವು ಹೆಡೆ ತಗ್ಗಿಸಿತು. ಅದರಾಚೆ ಬೆಳಕು ಹಸಿರಾಗಿತ್ತು.

ಮೂರನೆಯ ಬಾಗಿಲಿಗೆ ದಾರಿಯೇ ಕಾವಲು. ಅವಳು ಒಂದು ಹೆಜ್ಜೆ ಇಟ್ಟರೆ ದಾರಿ ಅರ್ಧ ಹೆಜ್ಜೆ ಹಿಗ್ಗುತ್ತಿತ್ತು. ಕಾಲು ಬಿರಿದು ರಕ್ತ ಬಂತು. "ಹಿಗ್ಗು, ಎಷ್ಟು ಹಿಗ್ತೀಯೋ ನಾನೂ ನೋಡ್ತೀನಿ" ಎಂದು ಹಲ್ಲುಕಚ್ಚಿ ನಡೆದಳು. ಕೊನೆಗೂ ಹಿಂಡು ಸಿಕ್ಕಿತು. ಆಗತಾನೆ ಹುಟ್ಟಿದ ಚುಕ್ಕಿಗಳು ಗಿಜಿಗುಡುತ್ತಿದ್ದವು. ಬೆಳಕು ಅಚ್ಚ ನೀಲಿ, ನಿರಿಗೆ ಸಣ್ಣಸಣ್ಣ. ಒಂದು ಹಿಡಿ ಬೆಳಕನ್ನು ಸೆರಗಿಗೆ ಗಂಟು ಹಾಕಿಕೊಂಡು ಮರಳಿದಳು.

ಆಸ್ಥಾನದಲ್ಲಿ ಗಂಟು ಬಿಚ್ಚಿದರೆ ಬೆಳಕು ಕೆಂಪು. ಮಾಂತ್ರಿಕ ಚಪ್ಪಾಳೆ ತಟ್ಟಿ ನಕ್ಕ. ಆದರೆ ಮಾಚವ್ವನ ಕೈ ತಾನಾಗಿ ಎಳೆ ಎಣಿಸಿತ್ತು; ಸಾಲು ಅದೇ ಇತ್ತು.

"ಬುದ್ಧಿ, ನಿಮ್ಮ ಶಲ್ಯ ಕೊಡಿ" ಎಂದು ಅದಕ್ಕೆ ಬಿಗಿಯಾಗಿ ನಿರಿಗೆ ಹಿಡಿದು ಒಂದು ತುದಿಯನ್ನು ರಾಜನ ಕೈಗಿತ್ತಳು. "ಹಿಂದಕ್ಕೆ ನಡೀರಿ." ರಾಜ ನಡೆದಷ್ಟೂ ನಿರಿಗೆ ಅಗಲವಾಯಿತು. "ಶಲ್ಯ ಸತ್ತೋಯ್ತಾ ಬುದ್ಧಿ? ದಾರಿ ಹಿಗ್ಗಿದಾಗ ಬೆಳಕೂ ಹಿಂಗೇ ಸಡಿಲಾಯ್ತದೆ. ಅಲ್ಲಿಂದ ಹೊರಟಾಗ ನೀಲಿ, ಕಣ್ಣಾರೆ ಕಂಡಿವ್ನಿ; ಇಲ್ಲಿಗೆ ಬರೋ ಹೊತ್ತಿಗೆ ಕೆಂಪು. ಎಳೆ ಎಣಿಸಿ ನೋಡಿ."

ರಾಜ ಎಣಿಸಿದ. ಎರಡು, ಒಂದು, ಎರಡು. ಕೊಳಕ್ಕೆ ಹೋಗಿ, ಬದುಕಿದೆಯೆಂದು ಎಲ್ಲರೂ ನಂಬಿದ್ದ ಹತ್ತಿರದ ಬಿಳಿ ಹಿಂಡಿನ ಬೆಳಕಲ್ಲೂ ಎಣಿಸಿದ. ಅದೇ ಸಾಲು. ಅವನ ತಲೆ ತಗ್ಗಿತು. "ಕೆಂಪಾದದ್ದೆಲ್ಲ ಸತ್ತಿದೆ ಎಂದದ್ದು ನನ್ನ ತಪ್ಪು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ" ಎಂದ.

ಸೋರೆಬುರುಡೆ ಒಡೆಯಿತು. ಆಯುಸ್ಸುಗಳೆಲ್ಲ ಹಾರಿ ತಮ್ಮ ತಮ್ಮವರನ್ನು ಸೇರಿದವು. ಕದ್ದದ್ದು ಹೋದಮೇಲೆ ಮಾಂತ್ರಿಕನಿಗೆ ಉಳಿದದ್ದು ತನ್ನ ಮುನ್ನೂರು ವರ್ಷದ ಮುಪ್ಪು ಮಾತ್ರ. ಅವನು ಕೂತಲ್ಲೇ ಹಿಡಿ ಬೂದಿಯಾದ.

ಮಾಚವ್ವ ಕುಂಟುತ್ತ ಮನೆಗೆ ಓಡಿದಳು. ಅಂಗಳದಲ್ಲಿ ಸಿದ್ದವ್ವ ಕಣ್ಣು ಬಿಟ್ಟು, "...ನೆಟ್ಟಗಿಲ್ಲ!" ಎಂದಳು.

ಮಾಚವ್ವ ಅತ್ತೆಯ ಕಾಲ ಬಳಿ ಕುಸಿದು ಕೂತು ಅತ್ತಳು. ಅಂದಿನಿಂದ ಬಾಂದಳಪುರದಲ್ಲಿ ಯಾರೂ ಕಲ್ಲಾಗಲಿಲ್ಲ. ಅತ್ತೆ ಸೊಸೆ ಇಬ್ಬರೂ ಬಹುಕಾಲ ಹೊಟ್ಟೆತುಂಬ ಜಗಳವಾಡುತ್ತ ಸುಖವಾಗಿದ್ದರು.