ಬಾಗಿಲಿಗೆ ಅಡ್ಡ ನಿಂತ ನಾಗವ್ವ

ಮದುವೆಯಾಗಿ ನಾಲ್ಕು ತಿಂಗಳಾದರೂ ನಾಗವ್ವ ಗಂಡನೊಡನೆ ನೆಟ್ಟಗೆ ನಾಲ್ಕು ಮಾತಾಡಿರಲಿಲ್ಲ. ಪುಣೆಯ ಆ ಎರಡು ಕೋಣೆಯ ಮನೆಯಲ್ಲಿ ಒಂಬತ್ತು ಜನ. 1938ರ ಶ್ರಾವಣದಲ್ಲಿ ಗಂಡ ಈರಣ್ಣ ಆಸ್ಪತ್ರೆ ಸೇರಿದ ಮೇಲೆ ಇಬ್ಬರೇ ಕೂರುವ ಭಾಗ್ಯ ಬಂತು. ಆದರೆ ಮನಬಂದಂತೆ ಮುಟ್ಟುವಂತಿರಲಿಲ್ಲ.

ಕೆಲಸ ಮಾಡುವ ಛಾಪಖಾನೆಯಲ್ಲಿ ಅಚ್ಚಿನ ಮಸಿ ತೊಳೆಯುವ ಬೆಂಜಾಲ್ ಎಂಬ ಎಣ್ಣೆಯ ಗಾಳಿ ಕುಡಿದು ಅವನ ಎಲುಬಿನೊಳಗೆ ರಕ್ತ ಹುಟ್ಟುವುದೇ ನಿಂತಿದೆ ಎಂದಿದ್ದರು ಡಾಕ್ಟರು. ನರ್ಸ್ ಕುಸುಮ ಧಾರವಾಡದವಳು, ಕನ್ನಡದಲ್ಲೇ ಬಿಡಿಸಿ ಹೇಳಿದಳು.

"ನೋಡವ್ವಾ, ಜ್ವರ ಬರಬಾರದು, ರಕ್ತ ಸೋರಬಾರದು, ಮೈ ದಣೀಬಾರದು. ಅಷ್ಟ ನಮ್ಮ ಗುರಿ. ಬ್ಲೇಡು ಬ್ಯಾಡ, ಬೇವಿನ ಕಡ್ಡಿ ಬ್ಯಾಡ. ಕೈ ತೊಳಕೊಂಡ ಹತ್ರ ಹೋಗು."

ನಾಗವ್ವ ಎಲ್ಲ ಕಲಿತಳು. ಮೆತ್ತನೆಯ ಅರಿವೆಯಿಂದ ಹಲ್ಲು ಒರೆಸುವಾಗ ಈರಣ್ಣನ ಕಣ್ಣು ಅವಳ ಮೂಗುಬೊಟ್ಟಿನ ಮೇಲಿರುತ್ತಿತ್ತು. ಅವಳು ನೋಡಿದರೆ ಛಾವಣಿ ನೋಡುವನು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಏನರ ಮಾತಾಡ್ರಿ."

"ಗಡ್ಡ ಕೆರೀತದ."

"ಗಡ್ಡದ ಸುದ್ದಿ ಕೇಳಲಿಲ್ಲ ನಾ."

ಒಂದು ಮಧ್ಯಾಹ್ನ ಅತ್ತೆ ಶಿವಬಸವ್ವ ಮಗನ ಮೈ ತಿಕ್ಕಲು ಎಣ್ಣೆಯ ಬಟ್ಟಲು ಹಿಡಿದು, ಮೂಗು ಒರೆಸುತ್ತ ಬಂದಳು. ನಾಗವ್ವ ಬಾಗಿಲಿಗೆ ಅಡ್ಡ ನಿಂತಳು.

"ತಿಕ್ಕಿದರ ತೊಗಲಿನೊಳಗ ರಕ್ತ ಒಡೀತದರಿ ಅತ್ತಿ. ನಿಮಗ ನೆಗಡಿ ಬ್ಯಾರೆ ಅದ. ಒಳಗ ಬರಬ್ಯಾಡ್ರಿ."

"ಹೆತ್ತಾಕಿಗೆ ಬ್ಯಾಡ ಅಂತಿ? ನಿನ್ನ ಕಾಲ್ಗುಣಕ್ಕ ಅವ ಹಿಂಗ ಮಲಗ್ಯಾನ."

ನಾಗವ್ವ ಸರಿಯಲಿಲ್ಲ. ಈಗಲಾದರೂ ಬಾಯಿ ಬಿಡಲಿ ಎಂದು ಗಂಡನ ಕಡೆ ನೋಡಿದಳು. ಅವನು ಗೋಡೆಗೆ ಮುಖ ತಿರುಗಿಸಿದ. ಶಿವಬಸವ್ವ ಬಟ್ಟಲನ್ನು ನೆಲಕ್ಕೆ ಕುಕ್ಕಿ ಹೊರಟುಹೋದಳು.

"ನಿಮ್ಮ ಸಲುವಾಗಿ ಬೈಸಿಕೊಂಡೆ. ನೀವು ಒಂದ ಮಾತ ಆಡಲಿಲ್ಲ. ಯಾಕರ ಇರಲಿ ನಾ ಇಲ್ಲಿ?" ನಾಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಹೋಗು," ಎಂದ ಈರಣ್ಣ. "ಊರಿಗೆ ಹೋಗು. ನನ್ನ ಮ್ಯಾಲೆ ಮಾಯೆ ಮಮತೆ ಬೆಳೀತಂದ್ರ, ನಾಳೆ ನಾ ಇಲ್ಲದಾಗ ನೀ ತಡಕೊಳ್ಳಾಂಗಿಲ್ಲ. ಅದಕ್ಕ ಸುಮ್ಮನಿದ್ದೆ."

"ಅದು ಬೆಳದು ಭಾಳ ದಿನ ಆತ್ರಿ."

ಈರಣ್ಣ ಈ ಕಡೆ ಹೊರಳಿದ. ಈ ಸಲ ಅವಳು ನೋಡಿದರೂ ಕಣ್ಣು ಬೇರೆಡೆ ತಿರುಗಿಸಲಿಲ್ಲ.

ಮರುದಿನ ಶಿವಬಸವ್ವ ಮತ್ತೆ ಬಂದಳು. ನಾಗವ್ವ ಏಳುವ ಮೊದಲೇ ಅವನು ಹೇಳಿದ: "ಅವ್ವಾ, ನೆಗಡಿ ಹೋಗೋತನಾ ಹೊರಗ ಕೂಡು. ನಾಗವ್ವ ಹೇಳಿದಂಗ ಮಾಡು."

ಹೆಂಡತಿಯ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಶಿವಬಸವ್ವ ಗೊಣಗುತ್ತ ಹೊರಗಿನ ಬೆಂಚಿನ ಮೇಲೆ ಕೂತಳು.

ಈರಣ್ಣ ಮುಂದಿನ ಯುಗಾದಿಯವರೆಗೆ ಬದುಕಿದ. ಅಷ್ಟು ದಿನವೂ ಇಬ್ಬರೂ ಮಾತಾಡಿದರು.